56 ಕೆಬಿ ಹುಡುಕುತ್ತಾ 19 ಜಿಬಿ ಕಳೆದುಕೊಂಡ ಕಥೆ

ಡೇಟಾಬೇಸ್ ಸತ್ತಿದ್ದು ಬೆಳಗಿನ ಜಾವ ನಾಲ್ಕಕ್ಕೆ. ನನಗೆ ಗೊತ್ತಾಗಿದ್ದು ಆರೂವರೆಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಫೋನ್ ನೋಡಿದಾಗ. ಮೆಮೊರಿ ಸಾಲದೆ ಓಓಎಂ ಕಿಲ್ಲರ್ ಡೇಟಾಬೇಸ್ ಪ್ರೊಸೆಸ್ಸನ್ನು, ಅಂದರೆ ಓಡುತ್ತಿದ್ದ ಪ್ರೋಗ್ರಾಮನ್ನು, ಕೊಂದಿದೆ ಅಂತ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗಿನಲ್ಲಿ ಒಂದು ಸಾಲು ಇತ್ತು. 64 ಜಿಬಿ ಇರುವ ಮಷಿನ್ ಅದು. ಡೇಟಾಬೇಸ್ ತನ್ನ ಪಾಲಿಗಿಂತ ಒಂದು ತುತ್ತೂ ಜಾಸ್ತಿ ತಿಂದಿರಲಿಲ್ಲ. ಹಾಗಾದ್ರೆ ಮಿಕ್ಕಿದ್ದು ಯಾರ ಹೊಟ್ಟೆಗೆ ಹೋಯಿತು?

ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಕೊಟ್ಟೆ. ಕ್ಯೂಎಮು, ಕ್ಯೂಎಮು, ಕ್ಯೂಎಮು ಎಂದು ಪರದೆ ತುಂಬಾ ಬಂತು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ ಅದು. ಎಣಿಸಿದರೆ 27. ಎಲ್ಲದರ ಪೇರೆಂಟ್ ಪಿಐಡಿ (ಹೆತ್ತ ಪ್ರೊಸೆಸ್ಸಿನ ನಂಬರ್) 1. ಅಂದರೆ ಹೆತ್ತ ಪ್ರೊಸೆಸ್ ಸತ್ತುಹೋಗಿ, ಮಷಿನ್ನಿನಲ್ಲಿ ಎಲ್ಲಕ್ಕೂ ಮೊದಲು ಏಳುವ ಇನಿಟ್ ಎಂಬ ಪ್ರೊಸೆಸ್ ದತ್ತು ತಗೊಂಡ ಅನಾಥ ಮಕ್ಕಳು. ಒಂದೊಂದೂ ಹೆಚ್ಚೂಕಮ್ಮಿ 700 ಎಂಬಿ ಹಿಡಿದು ಕೂತಿದೆ. ಒಟ್ಟು 19 ಜಿಬಿ ಹತ್ತಿರ. ಅದರಲ್ಲಿ ಅತಿ ಹಳೆಯದು ಶುರುವಾಗಿ ನಾಲ್ಕು ತಿಂಗಳಾಗಿತ್ತು.

ಹೆತ್ತಿದ್ದು ನಾನೇ. ಅಂದರೆ, ನಾನು ಸಿ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂ.

ಓಓಎಂ ಕಿಲ್ಲರ್ ಮೇಲೆ ಸಿಟ್ಟು ಬಂತು, ನಿಜ. ಆದರೆ ಅದು ಲೆಕ್ಕದ ಪ್ರಕಾರವೇ ನಡೆದುಕೊಂಡಿತ್ತು. ಯಾರು ಯಾಕೆ ಬದುಕಿದ್ದಾರೆ ಅಂತ ಅದು ಕೇಳಲ್ಲ. ಒಬ್ಬೊಬ್ಬರ ಹತ್ತಿರ ಎಷ್ಟು ಮೆಮೊರಿ ಇದೆ ಅಂತ ನೋಡಿ, ಬಹುಮಟ್ಟಿಗೆ ಎಲ್ಲರಿಗಿಂತ ದಪ್ಪಗಿರೋರನ್ನೇ ಎತ್ತಿಕೊಳ್ಳುತ್ತದೆ. 27 ಕಳ್ಳರು ಒಬ್ಬೊಬ್ಬರೂ 700 ಎಂಬಿ ಕದ್ದರೆ ಒಬ್ಬರೂ ಕಣ್ಣಿಗೆ ಬೀಳಲ್ಲ. ಪ್ರಾಮಾಣಿಕವಾಗಿ ದುಡಿಯುವ ದಪ್ಪ ಡೇಟಾಬೇಸ್ ಕಣ್ಣಿಗೆ ಬೀಳುತ್ತದೆ.

ಈಗ ಆ ಪ್ರೋಗ್ರಾಂ ಏನು ಮಾಡುತ್ತಿತ್ತು ಅಂತ ಹೇಳಬೇಕು. ನಮ್ಮಲ್ಲಿ ಸುಮಾರು 300 ವರ್ಚುವಲ್ ಮಷಿನ್‌ಗಳ ಡಿಸ್ಕ್ ಇಮೇಜ್‌ಗಳಿದ್ದವು. ಪ್ರತಿ ರಾತ್ರಿ ಒಂದೊಂದನ್ನೂ ತೆರೆದು, ಒಳಗೆ ಯಾವ ಫೈಲ್‌ಸಿಸ್ಟಮ್ ಇದೆ, ಎಷ್ಟು ತುಂಬಿದೆ, ಯಾವ ಡೈರೆಕ್ಟರಿ ಊದಿಕೊಂಡಿದೆ ಅಂತ ಬರೆದಿಡಬೇಕು. ಅದಕ್ಕೆ ಬಳಸಿದ್ದು ಲಿಬ್‌ಗೆಸ್ಟ್‌ಎಫ್‌ಎಸ್ ಎನ್ನುವ ಸಿ ಲೈಬ್ರರಿ. 2009ರಲ್ಲಿ ರೆಡ್‌ಹ್ಯಾಟ್‌ನ ರಿಚರ್ಡ್ ಜೋನ್ಸ್ ಶುರು ಮಾಡಿದ ಯೋಜನೆ. ಗೆಸ್ಟ್‌ಫಿಶ್, ವರ್ಟ್-ಡಿಎಫ್ ಥರದ ಕಮಾಂಡ್‌ಗಳನ್ನು ಬಳಸಿದವರು ಗೊತ್ತಿಲ್ಲದೆಯೇ ಇದನ್ನು ಬಳಸಿರುತ್ತಾರೆ.

ಡಿಸ್ಕ್ ಇಮೇಜನ್ನು ನೇರವಾಗಿ ಹೋಸ್ಟ್ ಮಷಿನ್ನಿನಲ್ಲೇ, ಅಂದರೆ ನಮ್ಮ ಸ್ವಂತ ಮಷಿನ್ನಿನಲ್ಲೇ, ಮೌಂಟ್ ಮಾಡಿ ತೆರೆಯಬಹುದಲ್ವಾ ಅಂತ ಕೇಳಬಹುದು. ಮಾಡಬಹುದು. ಆದರೆ ಆ ಇಮೇಜ್ ಒಳಗೆ ಬೇರೆಯವರು ಏನು ತುಂಬಿದ್ದಾರೋ ಯಾರಿಗೆ ಗೊತ್ತು? ಬೇಕಂತಲೇ ಕೆಡಿಸಿದ ಫೈಲ್‌ಸಿಸ್ಟಮ್ ಒಂದನ್ನು ನಮ್ಮ ಕರ್ನಲ್‌ಗೆ ತಿನ್ನಿಸಿದರೆ, ಕರ್ನಲ್‌ನಲ್ಲಿ ಇರುವ ಯಾವುದೋ ಬಗ್ ಹಿಡಿದು ಇಡೀ ಮಷಿನ್ ಕೈಗೆ ತಗೊಳ್ಳಬಹುದು. ಅದಕ್ಕೇ ಈ ಲೈಬ್ರರಿ ಒಂದು ಸುತ್ತು ಬಳಸಿ ಹೋಗುತ್ತದೆ. ನೀವು ಲಾಂಚ್ ಎಂಬ ಫಂಕ್ಷನ್ ಕರೆದ ಕೂಡಲೇ ಅದು ಫೋರ್ಕ್ ಮಾಡಿ (ತನ್ನದೇ ನಕಲಾಗಿ ಒಂದು ಮಗು ಪ್ರೊಸೆಸ್ ಹುಟ್ಟಿಸಿ), ಕ್ಯೂಎಮು ಎಬ್ಬಿಸಿ, ಅದರೊಳಗೆ ಪುಟ್ಟದೊಂದು ಲಿನಕ್ಸ್ ಬೂಟ್ ಮಾಡುತ್ತದೆ. ಇದಕ್ಕೆ ಅಪ್ಲಯನ್ಸ್ ಅಂತ ಹೆಸರು. ಆ ಲಿನಕ್ಸ್ ಒಳಗೆ ಗೆಸ್ಟ್‌ಎಫ್‌ಎಸ್‌ಡಿ ಎಂಬ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಕೂತಿರುತ್ತದೆ. ನೀವು 'ಈ ಡೈರೆಕ್ಟರಿ ಎಷ್ಟು ದೊಡ್ಡದು' ಅಂತ ಲೈಬ್ರರಿಯನ್ನು ಕೇಳಿದರೆ, ಪ್ರಶ್ನೆ ಒಂದು ಸಾಕೆಟ್ ಮೂಲಕ ಒಳಗೆ ಹೋಗುತ್ತದೆ, ಉತ್ತರ ಅದೇ ದಾರಿಯಲ್ಲಿ ಹೊರಗೆ ಬರುತ್ತದೆ. ಏನಾದರೂ ಕೆಟ್ಟರೂ ಆ ಪುಟ್ಟ ಲಿನಕ್ಸ್ ಕೆಡುತ್ತದೆ ಅಷ್ಟೇ. ಮಷಿನ್ ಮೇಲೆ ಪೂರ್ತಿ ಅಧಿಕಾರವಿರುವ ರೂಟ್ ಆಗಬೇಕಾದ ಅಗತ್ಯವೂ ಇಲ್ಲ.

ನೋಡೋಕೆ ಒಂದು ಸಾದಾ ಫಂಕ್ಷನ್ ಕಾಲ್. ಹಿಂದೆ ಒಂದು ಇಡೀ ಕಂಪ್ಯೂಟರ್ ಆನ್ ಆಗಿರುತ್ತದೆ. ಇದನ್ನು ನಾನು ಬಾಯಲ್ಲಿ ಹತ್ತು ಜನಕ್ಕೆ ವಿವರಿಸಿದ್ದೆ. ತಲೆಗೆ ಮಾತ್ರ ಇಳಿದಿರಲಿಲ್ಲ.

ಡೇಟಾಬೇಸ್ ಸಾಯುವ ಒಂದು ತಿಂಗಳ ಮುಂಚೆಯೇ ಮಷಿನ್ನಿನ ಮೆಮೊರಿ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಿರುವುದನ್ನು ಟೀಮಿನವರು ತೋರಿಸಿದ್ದರು. ಸಿ ಬರೆಯುವವನಿಗೆ 'ಮೆಮೊರಿ ಏರುತ್ತಿದೆ' ಅಂದರೆ ಒಂದೇ ಅರ್ಥ. ಎಲ್ಲೋ ಮ್ಯಾಲಾಕ್ ಮಾಡಿದ್ದನ್ನು ಫ್ರೀ ಮಾಡಿಲ್ಲ, ಅಂದರೆ ಕೇಳಿ ಪಡೆದ ಮೆಮೊರಿಯನ್ನು ವಾಪಸ್ ಕೊಟ್ಟಿಲ್ಲ. ಇಂಥ ಸೋರಿಕೆ (ಲೀಕ್) ಹುಡುಕುವ ವ್ಯಾಲ್‌ಗ್ರೈಂಡ್ ಹಾಕಿಕೊಂಡು ಮೂರು ದಿನ ಕೂತೆ.

ಸಿಕ್ಕಿತು ಕೂಡ! ಫೈಲ್‌ಸಿಸ್ಟಮ್‌ಗಳ ಪಟ್ಟಿ ಕೊಡುವ ಫಂಕ್ಷನ್ ಒಂದಿದೆ. ಅದು ಕೊಡೋದು ಸ್ಟ್ರಿಂಗ್‌ಗಳ (ಅಕ್ಷರಗಳ ಸಾಲುಗಳ) ಒಂದು ಅರೇ, ಅಂದರೆ ಪಟ್ಟಿ. ಡಿವೈಸ್ ಹೆಸರು, ಅದರ ಬಗೆ, ಮತ್ತೆ ಡಿವೈಸ್ ಹೆಸರು, ಅದರ ಬಗೆ, ಹೀಗೆ ಜೋಡಿ ಜೋಡಿಯಾಗಿ. ಪಟ್ಟಿ ಮುಗಿಯಿತು ಅನ್ನಲು ಕೊನೆಯಲ್ಲಿ ಒಂದು ನಲ್. ಕರೆದವರು ಮೊದಲು ಒಂದೊಂದೇ ಸ್ಟ್ರಿಂಗ್ ಫ್ರೀ ಮಾಡಿ, ಆಮೇಲೆ ಅರೇಯನ್ನು ಫ್ರೀ ಮಾಡಬೇಕು. ನಾನು ಅರೇಯನ್ನು ಮಾತ್ರ ಮಾಡಿದ್ದೆ. ತಟ್ಟೆ ತೊಳೆದಿಟ್ಟು ಲೋಟಗಳನ್ನು ಮೇಜಿನ ಮೇಲೇ ಬಿಟ್ಟ ಹಾಗೆ.

ಇಂಥ ಲೈಬ್ರರಿಯಲ್ಲಿ ಯಾವುದು ಯಾರದ್ದು ಅನ್ನೋದು ಪಕ್ಕದ ಮನೆ ವ್ಯವಹಾರದ ಥರ. ಅವರು ಬಾಳೆ ಎಲೆಯಲ್ಲಿ ಸುತ್ತಿ ಏನಾದರೂ ಕೊಟ್ಟರೆ ತಿಂದು ಎಲೆ ನಾವೇ ಬಿಸಾಡಬೇಕು. ಲೈಬ್ರರಿ ಕೊಡುವ ಸ್ಟ್ರಿಂಗ್‌ಗಳು ಹಾಗೆ, ನಮ್ಮದೇ ಫ್ರೀ ಸಾಕು. ಪಾತ್ರೆಯಲ್ಲಿ ಸಾರು ಕಳಿಸಿದರೆ ಪಾತ್ರೆ ತೊಳೆದು ಅವರ ಮನೆಗೇ ಮುಟ್ಟಿಸಬೇಕು. ಹಲವು ಮಾಹಿತಿಗಳನ್ನು ಒಟ್ಟಿಗೆ ಕಟ್ಟಿಟ್ಟ ಸ್ಟ್ರಕ್ಟ್‌ಗಳು ಹಾಗೆ, ಒಂದೊಂದು ಬಗೆಗೂ ಲೈಬ್ರರಿಯದೇ ಆದ ಫ್ರೀ ಫಂಕ್ಷನ್ ಇದೆ. ಇನ್ನು ಅವರ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ತಿಥಿ ತಿಳ್ಕೊಂಡು ಬರಬಹುದು, ಕಿತ್ಕೊಂಡು ಬರೋ ಹಾಗಿಲ್ಲ. ಕೊನೆಯ ಎರರ್ ಏನಾಗಿತ್ತು ಅಂತ ಕೇಳಿದಾಗ ಸಿಗುವ ಸ್ಟ್ರಿಂಗ್ ಅಂಥದ್ದು. ಇನ್ನೊಂದು ಎರರ್ ಬರುವವರೆಗೆ ಅಥವಾ ಹ್ಯಾಂಡಲ್ (ಲೈಬ್ರರಿ ಜೊತೆ ನಾವು ತೆರೆದ ಒಂದು ಸಂಪರ್ಕ) ಮುಚ್ಚುವವರೆಗೆ ಓದಬಹುದು. ಅದನ್ನು ಫ್ರೀ ಮಾಡಿದಿರೋ, ಗೋಡೆಯೇ ಬಿತ್ತು. (ಇದನ್ನೂ ಒಮ್ಮೆ ಮಾಡಿದ್ದೇನೆ. ಅದು ಬೇರೆ ಕಥೆ, ಅದೇ ದಿನ ಸಿಕ್ಕಿಬಿತ್ತು.)

ಲೀಕ್ ಸರಿಪಡಿಸಿದೆ. ವ್ಯಾಲ್‌ಗ್ರೈಂಡ್ ಕೊನೆಯಲ್ಲಿ 'ಎಲ್ಲಾ ಬ್ಲಾಕ್‌ಗಳೂ ಫ್ರೀ ಆಗಿವೆ, ಲೀಕ್ ಸಾಧ್ಯವೇ ಇಲ್ಲ' ಎಂಬ ಅರ್ಥದ ಸಾಲು ಹೇಳಿತು. ಅದರ ಸ್ಕ್ರೀನ್‌ಶಾಟ್ ತೆಗೆದು ಟೀಮಿನ ಗ್ರೂಪಿಗೆ ಹಾಕಿದೆ. ನಾಲ್ಕು ಜನ ಹೆಬ್ಬೆರಳು ತೋರಿಸಿದರು.

ಲೆಕ್ಕ ಮಾತ್ರ ಹಾಕಿರಲಿಲ್ಲ. ಈಗ ಹಾಕೋಣ. ಡಿವೈಸ್ ಹೆಸರು ಹತ್ತು ಬೈಟ್. ಬಗೆಯ ಹೆಸರು ಐದು ಬೈಟ್. ಆದರೆ 64 ಬಿಟ್ ಮಷಿನ್ನಿನಲ್ಲಿ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯ ಮ್ಯಾಲಾಕ್ 32 ಬೈಟ್‌ಗಿಂತ ಸಣ್ಣ ತುಂಡು ಕತ್ತರಿಸಲ್ಲ. ಹಾಗಾಗಿ ಒಂದು ಫೈಲ್‌ಸಿಸ್ಟಮ್‌ಗೆ ಎರಡು ಸ್ಟ್ರಿಂಗ್, 64 ಬೈಟ್. ಡಿಸ್ಕಿಗೆ ಮೂರು ಫೈಲ್‌ಸಿಸ್ಟಮ್ ಅಂದರೂ 300 ಡಿಸ್ಕಿಗೆ 57,600 ಬೈಟ್. ರಾತ್ರಿಗೆ 56 ಕೆಬಿ. ಪ್ರೋಗ್ರಾಂ ಒಂದು ವರ್ಷ ಒಂದೇ ಸಮ ಓಡಿದರೆ 21 ಎಂಬಿ. ಅದೂ ನಡುವೆ ಒಮ್ಮೆ ರೀಸ್ಟಾರ್ಟ್ ಆದರೆ ಕರ್ನಲ್ ಒಂದು ಬೈಟೂ ಬಿಡದೆ ವಾಪಸ್ ತಗೊಂಡಿರುತ್ತದೆ.

ಒಂದೇ ಒಂದು ಅನಾಥ ಕ್ಯೂಎಮು ಹಿಡಿದ 700 ಎಂಬಿ ಸೋರಬೇಕಾದರೆ ನನ್ನ ಲೀಕ್‌ಗೆ 33 ವರ್ಷ ಬೇಕಿತ್ತು.

ಇದೇ ನನ್ನನ್ನು ಆಮೇಲೂ ಬಹಳ ದಿನ ಕಾಡಿದ್ದು. ಕಾಲೇಜಿನಲ್ಲಿ ಸಿ ಕಲಿಸುವಾಗ ಮ್ಯಾಲಾಕ್‌ಗೆ ಒಂದು ಫ್ರೀ ಇರಲೇಬೇಕು ಅಂತ ತಲೆಗೆ ಕುಟ್ಟಿ ಕಲಿಸಿದರು. ಒಳ್ಳೇದೇ. ಆದರೆ ಪ್ರೊಸೆಸ್ ಸತ್ತಾಗ ಅದರ ಮೆಮೊರಿಯನ್ನು ಕರ್ನಲ್ ತಾನೇ ಗುಡಿಸಿ ಹಾಕುತ್ತದೆ. ತೆರೆದ ಫೈಲ್‌ಗಳನ್ನು ಮುಚ್ಚುತ್ತದೆ. ಮಕ್ಕಳನ್ನು ಮಾತ್ರ ಮುಟ್ಟಲ್ಲ. ಅಪ್ಪ ಸತ್ತನಂತ ಮಗನನ್ನೂ ಸಾಯಿಸೋದು ಯುನಿಕ್ಸ್‌ನ ಪದ್ಧತಿಯಲ್ಲ. ಇನಿಟ್ ಮಡಿಲಿಗೆ ಹಾಕಿ ಸುಮ್ಮನಾಗುತ್ತದೆ. ಅಂದರೆ ನಾವು ಹೆದರಬೇಕಾದ್ದಕ್ಕೆ ಹೆದರದೆ, ತಾನಾಗೇ ಸರಿಹೋಗೋದಕ್ಕೆ ಹೆದರುತ್ತಾ ಬೆಳೆದಿದ್ದೇವೆ. ಫೋರ್ಕ್‌ಗೆ ಜೋಡಿ ಯಾವುದು ಅಂತ ಪರೀಕ್ಷೆಯಲ್ಲಿ ಯಾರೂ ಕೇಳಿದ ನೆನಪಿಲ್ಲ.

ಸರಿ, ಅವು ಅನಾಥವಾಗಿದ್ದು ಹೇಗೆ? ಇಲ್ಲಿ ಲೈಬ್ರರಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಅದನ್ನು ಬರೆದವರು ಇದನ್ನು ಮೊದಲೇ ಯೋಚಿಸಿದ್ದರು. ಲಾಂಚ್ ಆದಾಗ ಕ್ಯೂಎಮು ಜೊತೆಗೆ ಇನ್ನೊಂದು ಮಗು ಹುಟ್ಟುತ್ತದೆ. ಅದಕ್ಕೆ ರಿಕವರಿ ಪ್ರೊಸೆಸ್ ಅಂತ ಹೆಸರು. ಅದರ ಕೆಲಸ ಒಂದೇ, ಎರಡೆರಡು ಸೆಕೆಂಡಿಗೆ ಎದ್ದು ಎರಡು ಪ್ರಶ್ನೆ ಕೇಳೋದು. ಕ್ಯೂಎಮು ಇದೆಯಾ? ಇಲ್ಲದಿದ್ದರೆ ನನಗಿಲ್ಲಿ ಕೆಲಸವಿಲ್ಲ ಅಂತ ಹೊರಟುಹೋಗುತ್ತದೆ. ಮುಖ್ಯ ಪ್ರೋಗ್ರಾಂ ಇದೆಯಾ? ಅದು ಸತ್ತು ಕ್ಯೂಎಮು ಮಾತ್ರ ಉಳಿದಿದ್ದರೆ ಕ್ಯೂಎಮುವನ್ನು ಸಿಗ್‌ಕಿಲ್ (ತಪ್ಪಿಸಿಕೊಳ್ಳಲಾಗದ ಸಾವಿನ ಸಿಗ್ನಲ್) ಕೊಟ್ಟು ಕೊಂದು ತಾನೂ ಹೋಗುತ್ತದೆ. ಇದೆಯಾ ಅಂತ ಕೇಳೋದು ಕಿಲ್ ಎಂಬ ಸಿಸ್ಟಮ್ ಕಾಲ್‌ಗೆ ಸೊನ್ನೆ ಸಿಗ್ನಲ್ ಕೊಟ್ಟು. ಹೆಸರು ಕಿಲ್ ಆದರೂ ಸೊನ್ನೆ ಕೊಟ್ಟರೆ ಯಾರೂ ಸಾಯಲ್ಲ, ಅಂಥ ಪ್ರೊಸೆಸ್ ಇದೆಯೋ ಇಲ್ಲವೋ ಅಂತ ಮಾತ್ರ ತಿಳಿಯುತ್ತದೆ.

ಇದು ಅಷ್ಟೇನೂ ಚೆಂದದ ದಾರಿ ಅಲ್ಲ, ಸತ್ತವರ ಪಿಐಡಿ ಬೇರೆ ಪ್ರೊಸೆಸ್‌ಗೆ ಸಿಕ್ಕಿಬಿಡಬಹುದು ಅಂತ ಬರೆದವರೇ ಕೋಡಿನ ಕಾಮೆಂಟಿನಲ್ಲಿ ಒಪ್ಪಿಕೊಂಡಿದ್ದಾರೆ. ನನಗೆ ಅಂಥ ಕಾಮೆಂಟ್ ಇರುವ ಕೋಡಿನ ಮೇಲೆ ನಂಬಿಕೆ ಜಾಸ್ತಿ.

ಈ ಕಾವಲುಗಾರನನ್ನು ಬೇಡ ಅನ್ನಲು ಒಂದು ಫಂಕ್ಷನ್ ಇದೆ. ಒಂದು ಸೊನ್ನೆ ಕೊಟ್ಟರೆ ಸಾಕು. ನನ್ನ ಕೋಡಿನಲ್ಲಿ ಆ ಸೊನ್ನೆ ಇತ್ತು.

ಅದು ಬಂದಿದ್ದು ಹೀಗೆ. ನನ್ನ ಪ್ರೋಗ್ರಾಂ ಹಳೇ ಕಾಲದ ಡೀಮನ್. ಶುರುವಾದ ಕೂಡಲೇ ಫೋರ್ಕ್ ಮಾಡಿ, ಅಪ್ಪ ಹೊರಟುಹೋಗಿ, ಮಗ ಹಿನ್ನೆಲೆಯಲ್ಲಿ ಕೆಲಸ ಮುಂದುವರಿಸುವ ಪದ್ಧತಿ. ಹಿನ್ನೆಲೆಗೆ ಹೋಗುವ ಮುಂಚೆ ಅಪ್ಲಯನ್ಸ್ ಎದ್ದೇಳುತ್ತದಾ ಅಂತ ಒಮ್ಮೆ ನೋಡಿಬಿಡೋಣ ಅನಿಸಿತ್ತು. ಏಳದಿದ್ದರೆ ಟರ್ಮಿನಲ್‌ನಲ್ಲೇ ಎರರ್ ಕಾಣಲಿ ಅಂತ. ಹಾಗಾಗಿ ಮೊದಲು ಲಾಂಚ್, ಆಮೇಲೆ ಫೋರ್ಕ್. ಓಡಿಸಿದರೆ ವಿಚಿತ್ರ. ಅಪ್ಲಯನ್ಸ್ ಚೆನ್ನಾಗಿ ಏಳುತ್ತದೆ, ಎರಡು ಸೆಕೆಂಡಿನಲ್ಲಿ ಸಾಯುತ್ತದೆ. ಯಾಕೆ ಅಂತ ಈಗ ನಿಮಗೆ ಹೊಳೆದಿರುತ್ತದೆ. ಕಾವಲುಗಾರನ ಹತ್ತಿರ ಇದ್ದದ್ದು ಅಪ್ಪನ ಪಿಐಡಿ. ಅಪ್ಪ ಬೇಕಂತಲೇ ಹೊರಟುಹೋಗಿದ್ದ. ಮಗ ಅದೇ ಕೆಲಸ ಮುಂದುವರಿಸುತ್ತಿದ್ದಾನೆ ಅಂತ ಕಾವಲುಗಾರನಿಗೆ ಯಾರು ಹೇಳಬೇಕು?

ಕೈಪಿಡಿ ತೆಗೆದು ನೋಡಿದೆ. ಹಿನ್ನೆಲೆಗೆ ಹೋಗುವ ಪ್ರೋಗ್ರಾಂಗಳಲ್ಲಿ ಹೀಗಾಗುತ್ತದೆ, ಆಗ ರಿಕವರಿ ಪ್ರೊಸೆಸ್ ಬೇಡ ಅನ್ನಬಹುದು ಅಂತ ಅಲ್ಲೇ ಇದೆ. ಹಾಕಿದೆ, ಸರಿಹೋಯಿತು. ಮುಂದಿನ ಕೆಲಸಕ್ಕೆ ಹೋದೆ. ಆದರೆ ಆ ಸಾಲನ್ನು ಹಾಕಿದ್ದು ಎಲ್ಲಾ ಹ್ಯಾಂಡಲ್‌ಗಳೂ ಹುಟ್ಟುವ ಒಂದೇ ಫಂಕ್ಷನ್ ಒಳಗೆ. ಒಂದು ಪರೀಕ್ಷೆಯ ಹ್ಯಾಂಡಲ್‌ಗೆ ಬೇಕಾದ ವಿನಾಯಿತಿ ರಾತ್ರಿಗೆ 300 ಹ್ಯಾಂಡಲ್‌ಗೆ ಸಿಕ್ಕಿತು. ಬೀದಿ ನಾಯಿ ಬೊಗಳುತ್ತದೆ ಅಂತ ಊರಿನ ನಾಯಿಗಳನ್ನೆಲ್ಲ ಓಡಿಸಿದ ಹಾಗಾಯಿತು.

ಅದೇ ಹೊತ್ತಿನಲ್ಲಿ ಇನ್ನೊಂದು ಸುಳಿವೂ ಸಿಕ್ಕಿತ್ತು, ಅದನ್ನೂ ಒರೆಸಿಹಾಕಿದ್ದೆ. ಆ ಮೊದಲ ಹ್ಯಾಂಡಲನ್ನು ಶಟ್‌ಡೌನ್ ಮಾಡಲು ಹೋದರೆ 'ಅಂಥ ಮಗು ನಿನಗಿಲ್ಲ' ಎಂಬರ್ಥದ ಎರರ್ ಬರುತ್ತಿತ್ತು. ಲೆಕ್ಕ ನೋಡಿ. ಕ್ಯೂಎಮು ಹುಟ್ಟಿದ್ದು ಅಪ್ಪನಿಗೆ. ನನ್ನ ಡೀಮನ್ನೂ ಹುಟ್ಟಿದ್ದು ಅದೇ ಅಪ್ಪನಿಗೆ. ಅಂದರೆ ಇವೆರಡೂ ಅಣ್ಣತಮ್ಮಂದಿರು. ವೇಟ್‌ಪಿಐಡಿ ಮಾಡುವ, ಅಂದರೆ ಮಗು ಮುಗಿಯೋದನ್ನು ಕಾದು ವಿಚಾರಿಸುವ, ಹಕ್ಕು ಹೆತ್ತವರಿಗೆ ಮಾತ್ರ. ಒಡಹುಟ್ಟಿದವರು ಅನ್ನೋ ಸಂಬಂಧವನ್ನು ಕರ್ನಲ್ ಲೆಕ್ಕಕ್ಕೇ ತಗೊಳ್ಳಲ್ಲ. ನಾನೇನು ಮಾಡಿದೆ? ಶಟ್‌ಡೌನ್‌ನ ರಿಟರ್ನ್ ಬೆಲೆ (ಅದು ವಾಪಸ್ ಕೊಡುವ ಉತ್ತರ) ನೋಡೋದನ್ನೇ ಬಿಟ್ಟೆ. ಓದುವ ಕೆಲಸಕ್ಕೆ ಅದು ನಡೆಯಿತು. ಡಿಸ್ಕಿಗೆ ಬರೆಯುವ ಪ್ರೋಗ್ರಾಂ ಆಗಿದ್ದರೆ ದೊಡ್ಡ ತಪ್ಪು. ಬರೆದದ್ದು ಪೂರ್ತಿ ಡಿಸ್ಕಿಗೆ ಇಳಿಯಿತಾ ಅಂತ ಹೇಳೋದೇ ಆ ರಿಟರ್ನ್ ಬೆಲೆ. ಅದಾದ ಮೇಲೆ ಕರೆಯುವ ಕ್ಲೋಸ್ ಏನನ್ನೂ ವಾಪಸ್ ಕೊಡಲ್ಲ, ದೂರು ಹೇಳೋಕೆ ಅದಕ್ಕೆ ಬಾಯಿಲ್ಲ. ಮುಂಚೆ ಈ ಜಾಗದಲ್ಲಿ ಕಿಲ್ ಸಬ್‌ಪ್ರೊಸೆಸ್ ಅನ್ನೋ ಫಂಕ್ಷನ್ ಇತ್ತು. ಈಗ ಅದನ್ನು ಬಳಸಬೇಡಿ, ಶಟ್‌ಡೌನ್ ಬಳಸಿ ಅನ್ನುತ್ತಾರೆ.

ಕಾವಲುಗಾರನಿಲ್ಲದೆ ನಾಲ್ಕು ತಿಂಗಳು ಹೇಗೆ ನಡೆಯಿತು ಅಂದರೆ, ಸಾಮಾನ್ಯವಾಗಿ ತೊಂದರೆಯೇ ಆಗಲ್ಲ. ಮುಖ್ಯ ಪ್ರೋಗ್ರಾಂ ಸತ್ತರೆ ಸಾಕೆಟ್‌ನ ಈ ತುದಿ ಮುಚ್ಚಿಹೋಗುತ್ತದೆ. ಒಳಗಿನ ಡೀಮನ್ ಮುಂದಿನ ಪ್ರಶ್ನೆಗೆ ಕಿವಿ ಕೊಟ್ಟಾಗ ಆ ಕಡೆ ಯಾರೂ ಇಲ್ಲ ಅಂತ ಗೊತ್ತಾಗಿ ತಾನೂ ಮುಗಿಸುತ್ತದೆ, ಅಪ್ಲಯನ್ಸ್ ಮಲಗುತ್ತದೆ. ಪ್ರೋಗ್ರಾಂ ಸಾಯುವ ಹೊತ್ತಿಗೆ ಡೀಮನ್ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಕಥೆ ಬೇರೆ. ನಮ್ಮಲ್ಲಿ ಕೆಲವು ಡಿಸ್ಕ್‌ಗಳಲ್ಲಿ ಲಕ್ಷಗಟ್ಟಲೆ ಸಣ್ಣ ಮೇಲ್ ಫೈಲ್‌ಗಳಿದ್ದವು. ಅವುಗಳ ಅಳತೆ ತೆಗೆಯಲು ಗಂಟೆಗಟ್ಟಲೆ ಬೇಕು. ಪ್ರೋಗ್ರಾಂ ಬಹಳ ಹೊತ್ತು ಸದ್ದಿಲ್ಲದೆ ಕೂತಿದೆ ಅಂತ ನಮ್ಮದೇ ಒಂದು ವಾಚ್‌ಡಾಗ್ ಸ್ಕ್ರಿಪ್ಟ್ ಅದಕ್ಕೆ ಸಿಗ್‌ಕಿಲ್ ಕೊಟ್ಟು ಹೊಸದಾಗಿ ಶುರು ಮಾಡುತ್ತಿತ್ತು. ಸಿಗ್‌ಕಿಲ್ ಬಂದರೆ ಕ್ಲೋಸ್ ಇಲ್ಲ, ಶಟ್‌ಡೌನ್ ಇಲ್ಲ, ಯಾವ ಹ್ಯಾಂಡ್ಲರೂ ಓಡಲ್ಲ. ಒಳಗೆ ಆ ಬಡಪಾಯಿ ಅಳತೆ ಮುಗಿಸಿ ಉತ್ತರ ಹಿಡ್ಕೊಂಡು ಬಾಗಿಲಿಗೆ ಬಂದರೆ, ಈಸ್ಕೊಳ್ಳೋರೇ ಇಲ್ಲ. ಹಾಗೇ ನಿಂತುಬಿಟ್ಟಿದ್ದವು, 27 ಬಾಗಿಲಲ್ಲಿ 27 ಜನ.

700 ಎಂಬಿ ಯಾಕೆ ಅನ್ನೋದೂ ನೋಡುವಂಥದ್ದು. ಅಪ್ಲಯನ್ಸ್‌ಗೆ ಎಷ್ಟು ಮೆಮೊರಿ ಅಂತ ಹೇಳಲು ಮೆಮ್‌ಸೈಜ್ ಸೆಟ್ಟಿಂಗ್ ಇದೆ. ನಾನು 1024 ಎಂಬಿ ಕೊಟ್ಟಿದ್ದೆ, ಇರಲಿ ಅಂತ. ಕೊಟ್ಟ ಮಾತ್ರಕ್ಕೆ ಹೋಸ್ಟ್‌ನಿಂದ ಅಷ್ಟೂ ಹೋಗಲ್ಲ. ಒಳಗಿನ ಲಿನಕ್ಸ್ ಯಾವ ಪೇಜ್ (ಮೆಮೊರಿಯ ತುಂಡು) ಮುಟ್ಟುತ್ತದೋ ಅದು ಮಾತ್ರ ನಿಜವಾಗಿ ಖರ್ಚಾಗುತ್ತದೆ. ಎದ್ದ ಹೊಸತರಲ್ಲಿ ಅದಕ್ಕೆ ಹಿಡಿಸೋದು ಕೊಂಚವೇ. ಆದರೆ ಲಕ್ಷ ಫೈಲ್ ಓದುತ್ತಾ ಹೋದ ಹಾಗೆ ಅದು ಓದಿದ್ದನ್ನೆಲ್ಲ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಖಾಲಿ ಮೆಮೊರಿ ದಂಡ ಅನ್ನೋದು ಲಿನಕ್ಸ್‌ನ ಲೆಕ್ಕ, ತನ್ನ ಮನೆಯಲ್ಲಿ ಅದು ಸರಿಯೇ. ತಾನು ಬಾಡಿಗೆ ಮನೆಯಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ. ಮೆಮೊರಿ ಮರಳಿಸುವ ಬಲೂನ್ ಥರದ ಏರ್ಪಾಡು ಬೇರೆಯಾಗಿ ಮಾಡದಿದ್ದರೆ, ಒಮ್ಮೆ ಮುಟ್ಟಿದ ಪೇಜ್ ಹೋಸ್ಟ್‌ಗೆ ವಾಪಸ್ ಬರೋದು ಕ್ಯೂಎಮು ಸತ್ತಾಗಲೇ.

ತಾತ್ಕಾಲಿಕ ಫೈಲ್‌ಗಳನ್ನು ಇಡುವ ಟಿಎಂಪಿ ಡೈರೆಕ್ಟರಿಯಲ್ಲೂ ಕುರುಹು ಇತ್ತು. ಲಿಬ್‌ಗೆಸ್ಟ್‌ಎಫ್‌ಎಸ್ ಎಂದು ಶುರುವಾಗುವ ಹೆಸರಿನ ಡೈರೆಕ್ಟರಿಗಳು ಸಾಲುಗಟ್ಟಿದ್ದವು. ಓದೋಕೆ ಮಾತ್ರ ಅಂತ ಡಿಸ್ಕ್ ಸೇರಿಸಿದಾಗ ಲೈಬ್ರರಿ ಅದರ ಮೇಲೊಂದು ತಾತ್ಕಾಲಿಕ ಓವರ್‌ಲೇ ಹೊದಿಸುತ್ತದೆ. ಕ್ಲೋಸ್ ಆದರೆ ಅದನ್ನು ಅಳಿಸುತ್ತದೆ. ನಾವು ಕ್ಲೋಸ್‌ಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಒಂದು ದಿನ ಆ ಡೈರೆಕ್ಟರಿ ಪಟ್ಟಿ ನೋಡಿದ್ದರೂ ಸಾಕಿತ್ತು.

ಸರಿಪಡಿಸಿದ್ದು ಒಂದು ಮಧ್ಯಾಹ್ನದ ಕೆಲಸ. ಮೊದಲು ಲಿನಕ್ಸ್‌ನ ಇನ್ನೊಂದು ಸೌಲಭ್ಯ ನೆನಪಾಯಿತು. ಅಪ್ಪ ಸತ್ತರೆ ನನಗೊಂದು ಸಿಗ್ನಲ್ ಕಳಿಸು ಅಂತ ಮಗುವೇ ಕರ್ನಲ್‌ಗೆ ಹೇಳಿಟ್ಟುಕೊಳ್ಳಬಹುದು, ಪಿಆರ್‌ಸಿಟಿಎಲ್ ಕಾಲ್ ಮೂಲಕ. ಹಿಂದೆ ಬೇರೊಂದು ಕಡೆ ಬಳಸಿ ಕೈ ಸುಟ್ಟುಕೊಂಡಿದ್ದೆ. ಇಲ್ಲಿ ಅಪ್ಪ ಅಂದರೆ ಪ್ರೊಸೆಸ್ ಅಲ್ಲ, ಆ ಮಗುವನ್ನು ಹುಟ್ಟಿಸಿದ ಥ್ರೆಡ್, ಅಂದರೆ ಪ್ರೊಸೆಸ್ ಒಳಗಿನ ಒಂದು ಕೆಲಸದ ಎಳೆ. ಕೆಲಸ ಮುಗಿಸಿ ಆ ಥ್ರೆಡ್ ಹೊರಟರೆ, ಪ್ರೊಸೆಸ್ ಗಟ್ಟಿಮುಟ್ಟಾಗಿದ್ದರೂ ಮಗು ಸಾಯುತ್ತದೆ. ನನ್ನ ಪ್ರೋಗ್ರಾಂನಲ್ಲಿ ಥ್ರೆಡ್‌ಗಳು ಬಂದುಹೋಗುತ್ತಲೇ ಇರುತ್ತವೆ. ಬೇಡ ಅಂತ ಬಿಟ್ಟೆ.

ಮಾಡಿದ್ದು ಇಷ್ಟು. ಡೀಮನ್ ಆಗುವ ಕೋಡನ್ನೇ ಕಿತ್ತುಹಾಕಿದೆ, ನಲವತ್ತು ಸಾಲು ಹೋಯಿತು. ಪ್ರೋಗ್ರಾಂ ಈಗ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಕೆಳಗೆ ಮುನ್ನೆಲೆಯಲ್ಲೇ ಓಡುತ್ತದೆ. ಸಿಸ್ಟಮ್‌ಡಿ ಒಂದು ಸರ್ವಿಸ್‌ನ ಎಲ್ಲಾ ಪ್ರೊಸೆಸ್‌ಗಳನ್ನು ಒಂದೇ ಸಿಗ್ರೂಪ್‌ನಲ್ಲಿ (ಕರ್ನಲ್ ಲೆಕ್ಕ ಇಡುವ ಗುಂಪಿನಲ್ಲಿ) ಇಟ್ಟಿರುತ್ತದೆ. ಮುಖ್ಯ ಪ್ರೊಸೆಸ್ ಹೋದರೆ ಉಳಿದವರನ್ನೂ ಹುಡುಕಿ ಮುಗಿಸುತ್ತದೆ, ನಾವು ಬೇರೆ ಥರ ಹೇಳದ ಹೊರತು. ವಾಚ್‌ಡಾಗ್ ಸ್ಕ್ರಿಪ್ಟಿಗೆ ನಿವೃತ್ತಿ ಕೊಟ್ಟೆ. ಶಟ್‌ಡೌನ್‌ನ ರಿಟರ್ನ್ ಬೆಲೆ ನೋಡಿ ಲಾಗ್ ಮಾಡುವ ಸಾಲು ವಾಪಸ್ ಬಂತು. ಮೆಮ್‌ಸೈಜ್ ಸಾಲು ತೆಗೆದು ಲೈಬ್ರರಿ ಕೊಡುವಷ್ಟೇ ಇರಲಿ ಅಂತ ಬಿಟ್ಟೆ. ಒಟ್ಟಿಗೆ ಎಷ್ಟು ಡಿಸ್ಕ್ ನೋಡಬೇಕು ಅನ್ನೋದಕ್ಕೆ ಎಂಟು ಅಂತ ಗಟ್ಟಿಯಾಗಿ ಬರೆದಿದ್ದೆ. ಅದರ ಬದಲು, ವರ್ಟ್-ಡಿಎಫ್ ಮಾಡುವ ಹಾಗೆ, ಶುರುವಲ್ಲಿ ಎಷ್ಟು ಮೆಮೊರಿ ಖಾಲಿ ಇದೆ ಅಂತ ನೋಡಿ ಥ್ರೆಡ್‌ಗಳ ಲೆಕ್ಕ ಹಾಕುತ್ತೇನೆ. ಮತ್ತು ಆ ಸೊನ್ನೆ ಇದ್ದ ಸಾಲನ್ನು ಅಳಿಸಿದೆ.

ಮೊನ್ನೆ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಪಿಎಸ್ ನೋಡುತ್ತಾ ಕರೆದಳು. "ಸರ್, ನಿಮ್ಮ ಪ್ರೋಗ್ರಾಂ ಒಂದೇ ಹೆಸರಲ್ಲಿ ಎರಡೆರಡು ಸಲ ಓಡ್ತಿದೆ. ಒಂದು ಏನೂ ಮಾಡ್ತಾನೇ ಇಲ್ಲ, ಸುಮ್ನೆ ಮಲಗಿದೆ. ಕಿಲ್ ಮಾಡ್ಲಾ?"

ಫೋರ್ಕ್ ಆಗಿ ಎಕ್ಸೆಕ್ ಆಗದ, ಅಂದರೆ ಬೇರೆ ಪ್ರೋಗ್ರಾಂ ಆಗಿ ಬದಲಾಗದ, ಮಗು ಅಲ್ವಾ, ಹೆಸರು ನನ್ನ ಪ್ರೋಗ್ರಾಂದೇ ಉಳಿದಿರುತ್ತದೆ.

"ಬೇಡಮ್ಮ," ಅಂದೆ. "ಎರಡು ಸೆಕೆಂಡ್ ತಡಿ, ಏಳುತ್ತೆ."